‘ಪೋಷಕರ ನಿರ್ಲಕ್ಷ್ಯ’ ಎಂದು ಬರೆಯುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ಪುಟ್ಟ ಮಗುವೊಂದು ಮನೆಯಲ್ಲಿ ಏನನ್ನೋ ನುಂಗಿ, ಕುಡಿದು ಅಥವಾ ನೀರಿನ ಬಕೆಟ್ಟಿಗೆ ಬಿದ್ದು ಅಪಾಯಕ್ಕೀಡಾದ ಸುದ್ದಿ ಬಂದಾಗಲೆಲ್ಲ ಅದರ ಜೊತೆಗೆ ‘ಪೋಷಕರ ನಿರ್ಲಕ್ಷ್ಯ’ ಎಂಬ ಮಾತೂ ಸಾಮಾನ್ಯವಾಗಿ ಅಚ್ಚಾಗಿರುತ್ತದೆ. ಕೆಲವು ವಾರಗಳ ಹಿಂದಿನವರೆಗೆ ನಾನೂ ಅಂಥ ಸುದ್ದಿ ಓದಿ, ‘ಮಗುವನ್ನು ನೋಡಿಕೊಳ್ಳುವುದಕ್ಕೆ ಇವರಿಗೇನು ಕಷ್ಟವಾಗಿತ್ತು’ ಎಂದು ಗೊಣಗಿ ಪುಟ ಮಗುಚುತ್ತಿದ್ದವನೇ. ನಮ್ಮ ಮನೆಯಲ್ಲಿ ಒಂದು ಸಂಜೆ ನಡೆದ ಘಟನೆಯ ನಂತರ ಆ ಮಾತಿನ ಬಗ್ಗೆ ನನಗೆ ತಕರಾರಿದೆ. ಅದು ನೋವು ಕೊಡುತ್ತದೆ ಎಂಬುದು ನನ್ನ ದೂರಲ್ಲ, ಅದು ಮಗುವಿಗೆ ಸಿಗಬೇಕಾದ ಸಮಯವನ್ನು ತಿನ್ನುತ್ತದೆ ಎಂಬುದು ನನ್ನ ದೂರು.

ನನ್ನ ಮಗನಿಗೆ ನಾಲ್ಕು ವರ್ಷ, ಮಗಳಿಗೆ ಒಂದೂವರೆ ವರ್ಷ. ಅಂದು ಇಬ್ಬರೂ ನನ್ನಿಂದ ಐದಾರು ಅಡಿ ದೂರದಲ್ಲಿ ನೆಲದ ಮೇಲೆ ಆಡುತ್ತಿದ್ದರು, ನಾನು ಒಗೆದ ಬಟ್ಟೆ ಮಡಚುತ್ತಾ ಕೂತಿದ್ದೆ. (ಕೈಯಲ್ಲಿ ಮೊಬೈಲ್ ಇರಲಿಲ್ಲ, ನಂಬುವುದು ಬಿಡುವುದು ನಿಮಗೆ ಸೇರಿದ್ದು.) ಮಗಳು ಒಮ್ಮೆ ಕೆಮ್ಮಿದಳು. ತಿರುಗಿ ನೋಡಿದರೆ ಕೋಣೆಯ ದೀಪದ ಚಪ್ಪಟೆ ರಿಮೋಟ್ ಬೋರಲಾಗಿ ಬಿದ್ದಿತ್ತು, ಪಕ್ಕದಲ್ಲಿ ಅದರ ಬಟನ್ ಬ್ಯಾಟರಿ, ಅಂದರೆ ಅಂಗಿಯ ಗುಂಡಿಯಂಥ ದುಂಡು ಚಪ್ಪಟೆ ಬ್ಯಾಟರಿ, ಕೂರುವ ಪುಟ್ಟ ಪ್ಲಾಸ್ಟಿಕ್ ಖಾನೆ ಬಿದ್ದಿತ್ತು, ಖಾನೆಯಲ್ಲಿ ಬ್ಯಾಟರಿ ಇರಲಿಲ್ಲ. ಉಗುರಿನಿಂದ ಒತ್ತಿ ಎಳೆದರೆ ಬಂದುಬಿಡುವ ಖಾನೆ ಅದು. ‘ಪುಟ್ಟಿ ಅದನ್ನ ಬಾಯಿಗೆ ಹಾಕ್ಕೊಂಡಳೇನೋ?’ ಎಂದು ಮಗನನ್ನು ಕೂಗಿ ಕೇಳಿದೆ. ಅವನು ಹೆದರಿ ಹೌದೆಂಬಂತೆ ತಲೆ ಆಡಿಸಿದ.

ಮುಂದಿನ ಹದಿನೈದು ನಿಮಿಷ ನಾನು ಮಾಡಿದ್ದೇನೆಂದರೆ, ಸೋಫಾದ ಕೆಳಗೆ ಟಾರ್ಚ್ ಬಿಟ್ಟು ಬ್ಯಾಟರಿ ಹುಡುಕಿದ್ದು. ಆಸ್ಪತ್ರೆಗೆ ಹೊರಡೋಣವೆಂದ ಹೆಂಡತಿಗೆ ‘ಇರು, ಇಲ್ಲೇ ಎಲ್ಲೋ ಇರುತ್ತದೆ’ ಎಂದು ಎರಡು ಬಾರಿ ಹೇಳಿದೆ. ನಿಜ ಹೇಳಬೇಕೆಂದರೆ, ಮಗುವನ್ನು ಎತ್ತಿಕೊಂಡು ಓಡಿ, ಆಮೇಲೆ ಏನೂ ಆಗಿಲ್ಲವೆಂದು ಗೊತ್ತಾಗಿ, ನಾಲ್ಕು ಜನರ ಮುಂದೆ ಬೈಸಿಕೊಂಡು ಬರುವುದು ತಪ್ಪಲಿ ಎಂಬ ಆಸೆ ನನ್ನ ಹುಡುಕಾಟದ ಹಿಂದೆ ಇತ್ತು. ಅಷ್ಟರಲ್ಲಿ ನಮ್ಮಮ್ಮ ಮಗುವಿನ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಲು ಹೊರಟಿದ್ದರು. ಹೆಂಡತಿ ನನ್ನ ಮಾತಿಗೆ ಕಾಯದೆ ನಮಗೆ ಪರಿಚಯದ ಮಕ್ಕಳ ವೈದ್ಯರಿಗೆ ಫೋನ್ ಮಾಡಿದ್ದು ಅಂದಿನ ಒಂದೇ ಒಂದು ಬುದ್ಧಿವಂತಿಕೆಯ ಕೆಲಸ.

ವೈದ್ಯರು ಕೇಳಿದ್ದು ಮೂರೇ ಪ್ರಶ್ನೆ: ಮಗುವಿನ ವಯಸ್ಸೆಷ್ಟು, ನುಂಗಿ ಎಷ್ಟು ಹೊತ್ತಾಯಿತು, ಬ್ಯಾಟರಿಯ ಮೇಲಿನ ಅಂಕಿ ಯಾವುದು. ಡ್ರಾಯರಿನಲ್ಲಿದ್ದ ಅದೇ ಬಗೆಯ ಇನ್ನೊಂದು ಬ್ಯಾಟರಿಯ ಪೊಟ್ಟಣ ನೋಡಿ ‘ಸಿಆರ್ 2032’ ಎಂದೆವು. ಆ ಅಂಕಿಗೆ ಒಂದು ಅರ್ಥವಿದೆಯೆಂದು ನನಗೆ ಗೊತ್ತಾದದ್ದು ಆಮೇಲೆ. ಮೊದಲ 20 ಎಂದರೆ ಅದರ ಅಗಲ 20 ಮಿಲಿಮೀಟರ್, 32 ಎಂದರೆ ದಪ್ಪ 3.2 ಮಿಲಿಮೀಟರ್. ಎಳೆ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳಲು ಆ ಅಗಲ ಸಾಕು. ವಾಂತಿ ಮಾಡಿಸಬೇಡಿ, ತಿನ್ನಲು ಕುಡಿಯಲು ಏನೂ ಕೊಡಬೇಡಿ, ಮಗುವಿಗೆ ಒಂದು ವರ್ಷ ತುಂಬಿರುವುದರಿಂದ ಮನೆಯಲ್ಲಿ ಜೇನುತುಪ್ಪವಿದ್ದರೆ ಎರಡು ಟೀ ಚಮಚ ಕೊಟ್ಟು ತಕ್ಷಣ ಹೊರಡಿ, ದಾರಿಯಲ್ಲಿ ಹತ್ತು ಹತ್ತು ನಿಮಿಷಕ್ಕೊಮ್ಮೆ ಅಷ್ಟೇ ಕೊಡುತ್ತಾ ಬನ್ನಿ ಎಂದರು. ಜೇನುತುಪ್ಪ ಹುಡುಕುತ್ತಾ ನಿಲ್ಲಬೇಡಿ, ಸಿಗದಿದ್ದರೆ ಹಾಗೆಯೇ ಹೊರಡಿ ಎಂದೂ ಸೇರಿಸಿದರು.

ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಕೂತಿದ್ದವರು ವಿಷಯ ಕೇಳಿ, ‘ಮಗು ನುಂಗೋವರೆಗೂ ಏನ್ ಮಾಡ್ತಿದ್ರಿ?’ ಎಂದರು. ನಾನು ಹೆದರಿದ್ದ ಮಾತು ಅಕ್ಷರಶಃ ಅದೇ. ಅದೃಷ್ಟವಶಾತ್ ಒಳಗಿದ್ದ ವೈದ್ಯೆ ಆ ಪ್ರಶ್ನೆ ಹಾಕಲಿಲ್ಲ. ಗಂಟಲಿನಿಂದ ಹೊಟ್ಟೆಯ ಕೊನೆಯವರೆಗೆ ಎಕ್ಸ್-ರೇ ತೆಗೆಸಿದರು. ಮಗಳು ಆ ತಣ್ಣನೆಯ ಹಲಗೆಯ ಮೇಲೆ ಕೈಕಾಲು ಬಡಿಯುತ್ತಿದ್ದಾಗ ಅವಳ ಎರಡೂ ತೋಳು ಒತ್ತಿ ಹಿಡಿದುಕೊಂಡಿದ್ದವನು ನಾನು. ಚಿತ್ರದಲ್ಲಿ ಪಕ್ಕೆಲುಬುಗಳಿದ್ದವು, ಬ್ಯಾಟರಿ ಇರಲಿಲ್ಲ.

ರಾತ್ರಿ ಮನೆಗೆ ಬಂದ ಮೇಲೆ ಹೆಂಡತಿ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ‘ದುಂಡಗಿನದು ಎಲ್ಲಿಟ್ಟೆ ಕಂದಾ?’ ಎಂದು ಮೆತ್ತಗೆ ಕೇಳಿದಳು. ಅವನು ಎದ್ದು ಹೋಗಿ ತನ್ನ ಕಾಸಿನ ಹುಂಡಿಯನ್ನು ತಂದು ಅಲ್ಲಾಡಿಸಿ ತೋರಿಸಿದ. ಹೊಳೆಯುವ ದುಂಡು ಬಿಲ್ಲೆ ಅವನ ಲೆಕ್ಕದಲ್ಲಿ ನಾಣ್ಯ, ನಾಣ್ಯ ಹೋಗಬೇಕಾದ ಜಾಗ ಹುಂಡಿ. ಸಂಜೆ ನಾನು ಕೂಗಿ ಕೇಳಿದ ಪ್ರಶ್ನೆಯಲ್ಲಿ ಉತ್ತರವೂ ಸೇರಿತ್ತು, ಅವನು ಅದನ್ನು ಒಪ್ಪಿಕೊಂಡಿದ್ದನಷ್ಟೆ. ಹಾಗೆಂದು ಆಸ್ಪತ್ರೆಗೆ ಹೋದದ್ದು ದಂಡವಾಯಿತೆಂದು ನನಗೆ ಒಂದು ಕ್ಷಣವೂ ಅನ್ನಿಸಿಲ್ಲ. ಆ ಬಿಲ್ಲೆ ಮಾಡಬಹುದಾಗಿದ್ದ ಕೆಲಸ ಎಂಥದು ಎಂದು ಓದಿ ತಿಳಿದುಕೊಂಡ ಮೇಲಂತೂ ಇಲ್ಲ.

ಅದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನನ್ನಂತೆ ಬಹಳಷ್ಟು ಜನ ಬ್ಯಾಟರಿ ಒಡೆದು ಒಳಗಿನ ವಿಷ ಸೋರಿದರೆ ಮಾತ್ರ ಅಪಾಯ ಎಂದುಕೊಂಡಿದ್ದಾರೆ. ಹೆಚ್ಚಿನ ಅನಾಹುತ ಸೋರಿಕೆಯಿಂದ ಆಗುವುದಿಲ್ಲ. ಅನ್ನನಾಳದ ಒದ್ದೆ ಗೋಡೆಗೆ ಈ ಬಿಲ್ಲೆ ಅಂಟಿ ನಿಂತಾಗ ಅದರ ಎರಡು ಧ್ರುವಗಳ ನಡುವೆ ದೇಹದ ಅಂಗಾಂಶದ ಮೂಲಕವೇ ವಿದ್ಯುತ್ ಹರಿಯತೊಡಗುತ್ತದೆ. ಋಣ ಧ್ರುವದ ಕಡೆಯಲ್ಲಿ ಆಗ ಪ್ರಬಲ ಕ್ಷಾರ ಹುಟ್ಟುತ್ತದೆ, ಕೊಳವೆ ಸ್ವಚ್ಛಗೊಳಿಸುವ ಪುಡಿ ಏನು ಮಾಡಬಲ್ಲುದೋ ಅದನ್ನೇ ಆ ಕ್ಷಾರ ಗಂಟಲಿನೊಳಗೆ ಮಾಡುತ್ತದೆ. ಎರಡೇ ಗಂಟೆಯಲ್ಲಿ ತೀವ್ರವಾದ ಸುಟ್ಟಗಾಯವಾಗಬಹುದು. ಉಪಕರಣ ನಡೆಸಲಾರದೆ ‘ಮುಗಿದುಹೋಯಿತು’ ಎಂದು ನಾವು ತೆಗೆದಿಡುವ ಬ್ಯಾಟರಿಯಲ್ಲೂ ಇಷ್ಟಕ್ಕೆ ಸಾಕಾಗುವ ಶಕ್ತಿ ಉಳಿದಿರುತ್ತದೆ. ಬ್ಯಾಟರಿಯನ್ನು ಹೊರತೆಗೆದ ಮೇಲೂ ಗಾಯ ಆಳಕ್ಕಿಳಿದು, ದಿನಗಳು ಅಥವಾ ವಾರಗಳ ನಂತರ ಶ್ವಾಸನಾಳವೋ ದೊಡ್ಡ ರಕ್ತನಾಳವೋ ತೂತಾಗಿರುವ ಪ್ರಕರಣಗಳಿವೆ. ಜೇನುತುಪ್ಪದ ಸಲಹೆ ಅಜ್ಜಿ ಮದ್ದಲ್ಲ. ಅದು ಬ್ಯಾಟರಿಯ ಸುತ್ತ ಲೇಪವಾಗಿ ಕ್ಷಾರದ ಹೊಡೆತವನ್ನು ತಗ್ಗಿಸುತ್ತದೆ ಎಂದು ಪ್ರಾಣಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನುತುಪ್ಪ ಕೊಡಲೇಬಾರದು.

ಇದಕ್ಕೂ ‘ನಿರ್ಲಕ್ಷ್ಯ’ ಎಂಬ ಮಾತಿಗೂ ಏನು ಸಂಬಂಧ ಎಂದರೆ, ಇಂಥ ಪ್ರಕರಣಗಳಲ್ಲಿ ಮಗು ನುಂಗಿದ್ದನ್ನು ಎಷ್ಟೋ ಬಾರಿ ಯಾರೂ ಕಂಡಿರುವುದಿಲ್ಲ. ಮಗು ಹೇಳಲಾರದು. ಜೊಲ್ಲು ಹೆಚ್ಚಾಗುವುದು, ಕೆಮ್ಮು, ಊಟ ಬೇಡವೆನ್ನುವುದು, ಕಾರಣವಿಲ್ಲದ ಕಿರಿಕಿರಿ, ಇವಿಷ್ಟೇ ಲಕ್ಷಣಗಳಾದರೆ ವೈದ್ಯರಿಗೂ ಅದು ಶೀತವೆಂದೇ ತೋರಬಹುದು. ಆಗ ದಾರಿ ತೋರಿಸಬಲ್ಲ ಸುಳಿವು ಒಂದೇ: ‘ಮನೆಯಲ್ಲಿ ಒಂದು ಬ್ಯಾಟರಿ ಕಾಣುತ್ತಿಲ್ಲ’ ಎಂದು ತಂದೆಯೋ ತಾಯಿಯೋ ಅಜ್ಜಿಯೋ ಬಾಯಿಬಿಟ್ಟು ಹೇಳುವ ಮಾತು. ಬೈಗುಳದ ಭಯ ಮೊದಲು ಕಟ್ಟಿಹಾಕುವುದು ಆ ಮಾತನ್ನೇ. ನಾನು ಹದಿನೈದು ನಿಮಿಷ ಕಳೆದೆ. ಮಗುವನ್ನು ಅಜ್ಜಿಯ ಬಳಿ ಬಿಟ್ಟುಹೋದ ಸೊಸೆಗೆ ಉತ್ತರ ಕೊಡಬೇಕಾದ ಅಜ್ಜಿ, ಅಥವಾ ಕೆಲಸ ಹೋದೀತೆಂದು ಹೆದರುವ ಆಯಾ ಎಷ್ಟು ಹೊತ್ತು ಕಳೆದಾರು ಎಂದು ನಾನು ಊಹಿಸಬಲ್ಲೆ.

ಎಚ್ಚರಿಕೆಯಿಂದ ಇರಿ ಎಂದು ಹೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅಷ್ಟರಿಂದಲೇ ಕೆಲಸ ಆಗುವುದಿಲ್ಲವೆಂದು ಮೊದಲೇ ಕಂಡುಕೊಂಡವರಿದ್ದಾರೆ. ಕೆನಡಾದ ವಿಂಡ್ಸರ್‌ನಲ್ಲಿ ವಿಷಚಿಕಿತ್ಸಾ ಕೇಂದ್ರ ನಡೆಸುತ್ತಿದ್ದ ಮಕ್ಕಳ ವೈದ್ಯ ಹೆನ್ರಿ ಬ್ರೋ ಅವರು, ಮಾತ್ರೆ ನುಂಗಿ ಬರುವ ಮಕ್ಕಳಿಗೆ ಚಿಕಿತ್ಸೆ ಕೊಟ್ಟು ಸಾಕಾಗಿ, ಅಂಗೈಯಿಂದ ಒತ್ತಿ ತಿರುಗಿಸಿದರೆ ಮಾತ್ರ ತೆರೆಯುವ ಔಷಧ ಬಾಟಲಿಯ ಮುಚ್ಚಳವನ್ನು 1967ರಲ್ಲಿ ಬಳಕೆಗೆ ತಂದರು. ಅಪ್ಪ ಅಮ್ಮಂದಿರು ಅಂದಿನಿಂದ ಹೆಚ್ಚು ಜಾಗರೂಕರಾದರೆಂದು ಯಾರೂ ಹೇಳಲಾರರು, ಬದಲಾದದ್ದು ಮುಚ್ಚಳ. ಆ ಮುಚ್ಚಳವೂ ಅಭೇದ್ಯವೇನಲ್ಲ. ಪುಟ್ಟ ಮಕ್ಕಳ ಗುಂಪಿಗೆ ಅದನ್ನು ಕೊಟ್ಟು ಪರೀಕ್ಷಿಸುವಾಗ, ತೆರೆಯುವ ಬಗೆಯನ್ನು ಒಮ್ಮೆ ತೋರಿಸಿಕೊಟ್ಟ ಮೇಲೆ ನೂರರಲ್ಲಿ 80 ಮಕ್ಕಳು ಒಟ್ಟು ಹತ್ತು ನಿಮಿಷದಲ್ಲಿ ತೆರೆಯಲಾರದೆ ಹೋದರೆ ಮುಚ್ಚಳ ಉತ್ತೀರ್ಣ. ಉಳಿದ 20 ಮಕ್ಕಳು ತೆರೆದಿರಬಹುದು. ಅದಕ್ಕೇ ಅದರ ಜೊತೆಗೆ ಎತ್ತರದ ಕಪಾಟೂ ಬೀಗವೂ ಬೇಕು.

ಬ್ಯಾಟರಿಯ ವಿಷಯದಲ್ಲಿ ಈ ಬುದ್ಧಿ ಬಂದದ್ದು ತೀರ ಈಚೆಗೆ. ಮಕ್ಕಳ ಆಟಿಕೆಗಳಲ್ಲಿ ಬ್ಯಾಟರಿ ಖಾನೆಗೆ ಸ್ಕ್ರೂ ಇರಬೇಕೆಂಬ ಮಾನದಂಡ ಮೊದಲಿನಿಂದ ಇತ್ತು. ರಿಮೋಟ್, ತೂಕದ ಯಂತ್ರ, ಥರ್ಮಾಮೀಟರ್, ಹಾಡುವ ಶುಭಾಶಯ ಪತ್ರ ಇವೆಲ್ಲ ‘ದೊಡ್ಡವರ’ ವಸ್ತುಗಳಾದ್ದರಿಂದ ಅವಕ್ಕೆ ಆ ಕಟ್ಟು ಇರಲಿಲ್ಲ, ಮಗುವಿಗೆ ಈ ವಿಂಗಡಣೆ ತಿಳಿಯದು ಎಂಬುದನ್ನು ನಿಯಮ ಬರೆದವರು ಮರೆತಿದ್ದರು. ಆಸ್ಟ್ರೇಲಿಯಾದಲ್ಲಿ 2022ರ ಜೂನ್‌ನಿಂದ ಇಂಥ ಬ್ಯಾಟರಿ ಬಳಸುವ ಗ್ರಾಹಕ ವಸ್ತುಗಳಿಗೆ ಭದ್ರ ಖಾನೆ ಮತ್ತು ಎಚ್ಚರಿಕೆಯ ಬರಹ ಕಡ್ಡಾಯವಾಯಿತು. ಅಮೆರಿಕದಲ್ಲಿ ಅದೇ ವರ್ಷದ ಆಗಸ್ಟ್‌ನಲ್ಲಿ ‘ರೀಸ್ ಕಾನೂನು’ ಬಂತು. ರೀಸ್ ಎಂಬುದು ರಿಮೋಟಿನ ಬ್ಯಾಟರಿ ನುಂಗಿ ತೀರಿಕೊಂಡ ಮಗುವಿನ ಹೆಸರು. ಆ ಮಗುವಿಗೂ ಒಂದೂವರೆ ವರ್ಷ. ಇಂಥ ನಿಯಮಗಳಿಂದ ಈಗಾಗಲೇ ಮನೆಗಳಲ್ಲಿರುವ ಹಳೆಯ ಉಪಕರಣಗಳು ಬದಲಾಗುವುದಿಲ್ಲ. ನಮ್ಮ ರಿಮೋಟಿನ ಖಾನೆಗೆ ಗಟ್ಟಿ ಟೇಪನ್ನು ಮೂರು ಸುತ್ತು ಸುತ್ತಿದ್ದೇನೆ. ನೋಡಲು ಅಸಹ್ಯವಾಗಿದೆ, ಇರಲಿ.

ಬ್ಯಾಟರಿಯನ್ನೇ ಹಿಡಿದುಕೊಂಡು ಇಷ್ಟು ಬರೆದರೂ ನನ್ನ ಮಾತು ಬೇರೆ ಅಪಾಯಗಳಿಗೂ ಸಲ್ಲುತ್ತದೆ. ಕುಡಿಯುವ ನೀರಿನ ಹಳೆಯ ಬಾಟಲಿಯಲ್ಲಿ ತುಂಬಿಟ್ಟ ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ಹೊಟ್ಟೆಗಿಂತ ಹೆಚ್ಚಿನ ಹಾನಿ ಮಾಡುತ್ತದೆ. ಶೌಚಾಲಯ ತೊಳೆಯುವ ಆಮ್ಲವಾದರೆ ಒಳಗಿಳಿಯುವಾಗ ಒಮ್ಮೆ, ಮೇಲೆ ಬರುವಾಗ ಇನ್ನೊಮ್ಮೆ ಸುಡುತ್ತದೆ. ಜ್ವರದ ಪ್ಯಾರಾಸಿಟಮಾಲ್ ಅತಿಯಾಗಿ ಹೊಟ್ಟೆ ಸೇರಿದರೂ ಮೊದಲ ದಿನ ಮಗು ಆಡಿಕೊಂಡೇ ಇರಬಹುದು, ಯಕೃತ್ತಿನ ಹಾನಿ ಆಮೇಲೆ ತಿಳಿಯುತ್ತದೆ. ಹೀಗಿರುವಾಗ ‘ಏನಾಗುತ್ತದೋ ನೋಡೋಣ’ ಎಂದು ಕಾಯುವ ಪ್ರತಿಯೊಂದು ಮನೆಗೂ ಮೊದಲು ಬೇಕಾಗಿರುವುದು ಮಾಹಿತಿ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಇಂಥ ಸುದ್ದಿ ಬಂದಾಗ, ತನಿಖೆಯಲ್ಲಿ ಖಚಿತವಾಗದ ಹೊರತು ‘ನಿರ್ಲಕ್ಷ್ಯ’ ಎಂಬ ಪದವನ್ನು ಬಿಡಿ. ಆ ಜಾಗದಲ್ಲಿ ಒಂದು ಪುಟ್ಟ ಚೌಕಟ್ಟು ಹಾಕಿ ಹೀಗೆ ಅಚ್ಚು ಮಾಡಿ: ಮಗು ಏನನ್ನಾದರೂ ನುಂಗಿದೆ ಎಂಬ ಅನುಮಾನವಿದ್ದರೆ ವಾಂತಿ ಮಾಡಿಸಬೇಡಿ, ಲಕ್ಷಣಕ್ಕಾಗಿ ಕಾಯಬೇಡಿ, ನುಂಗಿದ ವಸ್ತುವಿನ ಪೊಟ್ಟಣವನ್ನೋ ಬಾಟಲಿಯನ್ನೋ ಜೊತೆಗೆ ಹಿಡಿದು ಕೂಡಲೇ ಆಸ್ಪತ್ರೆಗೆ ಹೋಗಿ, ಬಟನ್ ಬ್ಯಾಟರಿಯ ಅನುಮಾನವಿದ್ದರೆ ಒಳಗೆ ಕಾಲಿಡುತ್ತಲೇ ಆ ಪದವನ್ನು ಹೇಳಿ ಎಕ್ಸ್-ರೇ ಕೇಳಿ. ಇದಕ್ಕೆ ಐದಾರು ಸಾಲು ಸಾಕು. ಪುಟದಲ್ಲಿ ಜಾಗ ಸಾಲದಿದ್ದರೆ ನನ್ನ ಈ ಪತ್ರದ ಉಳಿದ ಭಾಗವನ್ನೆಲ್ಲ ಕತ್ತರಿಸಿ, ಆ ಸಾಲುಗಳನ್ನಷ್ಟೇ ಪ್ರಕಟಿಸಿದರೂ ನನ್ನ ಅಭ್ಯಂತರವಿಲ್ಲ.

ಇತಿ,
ಇಬ್ಬರು ಮಕ್ಕಳ ತಂದೆ