ರಾತ್ರಿ ಪಾಳಿಗೆ ಏನು ಕುಡಿಯಬೇಕು: ದೊಡ್ಡಮ್ಮನ ಪತ್ರ

ಬಸವನಗುಡಿ, ಬೆಂಗಳೂರು

ಚಿ. ಸುಹಾಸನಿಗೆ ದೊಡ್ಡಮ್ಮನ ಆಶೀರ್ವಾದಗಳು.

ರಾತ್ರಿ ಪಾಳಿ ಶುರುವಾದ ಮೇಲೆ ಕಾಫಿ, ಎನರ್ಜಿ ಡ್ರಿಂಕ್ ಎರಡೂ ಜಾಸ್ತಿಯಾಗಿವೆ, ಬದಲಿಗೆ ಗಿಡಮೂಲಿಕೆಯದ್ದು ಏನಾದರೂ ಇದ್ದರೆ ಹೇಳು ದೊಡ್ಡಮ್ಮ ಅಂತ ಕೇಳಿದ್ದೆಯಲ್ಲ. ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಬರೆದೇ ಕಳಿಸುತ್ತಿದ್ದೇನೆ.

ಮೊದಲು ಒಂದು ವಿಷಯ ಗಮನಿಸು. ಕ್ಯಾನಿಗೆ ಕೈ ಹಾಕುವ ಹೊತ್ತಿಗೆ ನಿನಗೆ ಆಗಿರುವುದು ಏನು? ನಿದ್ದೆಯಾ, ಹಸಿವಾ, ಬಾಯಾರಿಕೆಯಾ? ಇಲ್ಲ, ಸೀಟು ಬಿಟ್ಟೆದ್ದು ಐದು ನಿಮಿಷ ಬಿಸಿ ಲೋಟ ಹಿಡಿದು ನಿಂತರೆ ಸಾಕು ಅನ್ನಿಸಿದೆಯಾ? ಒಂದೊಂದಕ್ಕೂ ಬೇರೆ ಬೇರೆ ಉಪಾಯ ಇದೆ. ನೀನು ಎಲ್ಲದಕ್ಕೂ ಅದೇ ಕ್ಯಾನ್ ಕುಡಿಯುತ್ತಿದ್ದೀಯ.

ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ. ಅದು ಹೆಚ್ಚಾದಷ್ಟೂ ನಿದ್ದೆ ಒತ್ತಿಕೊಂಡು ಬರುತ್ತದೆ. ಕಾಫಿ, ಎನರ್ಜಿ ಡ್ರಿಂಕ್ ಎರಡರಲ್ಲೂ ಇರುವ ಕೆಫೀನ್ ಹೋಗಿ ಆ ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ಕೂತುಬಿಡುತ್ತದೆ, ಅಷ್ಟೇ. ದಣಿವು ಇದ್ದಲ್ಲೇ ಇರುತ್ತದೆ, ನಿನಗೆ ಗೊತ್ತಾಗುವುದಿಲ್ಲ. ಆಮೇಲೆ, ಕುಡಿದ ಕೆಫೀನಿನಲ್ಲಿ ಅರ್ಧ ಕರಗುವುದಕ್ಕೇ ಸುಮಾರು 5 ಗಂಟೆ ಬೇಕು. ಬೆಳಗಿನ ಜಾವ 3ಕ್ಕೆ ಕುಡಿದರೆ, 8ಕ್ಕೆ ಪಿಜಿಗೆ ಬಂದು ಮಲಗುವಾಗಲೂ ಅರ್ಧ ಮೈಯಲ್ಲೇ ಇರುತ್ತದೆ. ನಿದ್ದೆ ಬರದೆ ಹೊರಳಾಡಿ, ಮಾರನೆಯ ರಾತ್ರಿ ಮತ್ತೊಂದು ಕ್ಯಾನ್ ಜಾಸ್ತಿ ಕುಡಿಯುತ್ತೀಯ. ಪಾಳಿಯ ಕೊನೆಯ ಆರು ಗಂಟೆ ಕೆಫೀನ್ ಮುಟ್ಟಬೇಡ. ಇದೊಂದು ಮಾತು ನಡೆಸಿಕೊಟ್ಟರೂ ನನಗೆ ಸಮಾಧಾನ.

ಕ್ಯಾನಿನ ಮೇಲಿನ ಸಣ್ಣ ಅಕ್ಷರ ಓದು. ನಮ್ಮ ದೇಶದ ನಿಯಮದ ಪ್ರಕಾರ ಇಂಥ ಪಾನೀಯದಲ್ಲಿ ಲೀಟರಿಗೆ 145ರಿಂದ 300 ಮಿಲಿಗ್ರಾಂ ಕೆಫೀನ್ ಇರಬಹುದು. ದಿನಕ್ಕೆ 500 ಮಿ.ಲೀ.ಗಿಂತ ಹೆಚ್ಚು ಬೇಡ ಅಂತಲೂ ಅದರ ಮೇಲೇ ಬರೆದಿರಬೇಕು. 250 ಮಿ.ಲೀ. ಕ್ಯಾನಿಗೆ ಹೆಚ್ಚೆಂದರೆ 75 ಮಿಲಿಗ್ರಾಂ ಆಯಿತು. ಸ್ಟ್ರಾಂಗ್ ಕಾಫಿಗೆ ಹೋಲಿಸಿದರೆ ಇದೇನೂ ತೀರಾ ಜಾಸ್ತಿಯಲ್ಲ. ನನಗೆ ಭಯ ಸಕ್ಕರೆಯದು. 100 ಮಿ.ಲೀ.ಗೆ 11 ಗ್ರಾಂ ಸಕ್ಕರೆ ಇದ್ದರೆ ಒಂದು ಕ್ಯಾನಿಗೆ ಸುಮಾರು ಆರೇಳು ಚಮಚ. ನಮ್ಮ ವಂಶದಲ್ಲಿ ಸಕ್ಕರೆ ಕಾಯಿಲೆ ಇದೆ ಕಣೋ. ನಿನ್ನ ಅಜ್ಜನನ್ನು ನೀನೇ ನೋಡಿದ್ದೀಯ.

'ನ್ಯಾಚುರಲ್ ಎನರ್ಜಿ' ಅಂತ ಬರೆದ ಪೊಟ್ಟಣ ನೋಡಿ ಮೋಸಹೋಗಬೇಡ. ಕಾಫಿಯೂ ಗಿಡದ್ದೇ ಅಲ್ವಾ? ಗ್ವಾರಾನಾ ಅಂತ ಇದ್ದರೆ ಅದು ದಕ್ಷಿಣ ಅಮೆರಿಕದ ಒಂದು ಬಳ್ಳಿಯ ಬೀಜ. ಅದರಲ್ಲಿ ಕಾಫಿ ಬೀಜಕ್ಕಿಂತ ಕೆಫೀನ್ ಜಾಸ್ತಿ. ಯೆರ್ಬಾ ಮಾಟೆ ಅನ್ನುವ ದಕ್ಷಿಣ ಅಮೆರಿಕದ ಎಲೆ, ಮಾಚಾ ಅನ್ನುವ ಹಸಿರು ಚಹಾ ಪುಡಿ, ಗ್ರೀನ್ ಟೀ, ಎಲ್ಲದರಲ್ಲೂ ಕೆಫೀನ್ ಇದೆ. ನೀನು ತಂದಿಟ್ಟುಕೊಂಡಿರುವ ಅಶ್ವಗಂಧದ ಪುಡಿಯನ್ನೂ ಡಾಕ್ಟರನ್ನು ಕೇಳದೆ ದಿನಾ ತಿನ್ನಬೇಡ. ಅದರಿಂದ ಕೆಲವರಿಗೆ ಲಿವರ್ ತೊಂದರೆ ಆದದ್ದು ವರದಿಯಾಗಿದೆ. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು. ಥೈರಾಯ್ಡ್ ಮಾತ್ರೆ ನುಂಗುವ ನಿನ್ನ ಅಮ್ಮನಿಗಂತೂ ಕೊಡಲೇಬೇಡ.

ಕಾಫಿಯ ರುಚಿಯೇ ಬೇಕು ಅನ್ನಿಸಿದಾಗ ಚಿಕೋರಿ ಇದೆ. ಅದು ಒಂದು ಗಿಡದ ಬೇರು, ಹುರಿದು ಪುಡಿ ಮಾಡಿದ್ದು. ಕೆಫೀನ್ ಒಂದಿಷ್ಟೂ ಇಲ್ಲ. ಗುಜರಾತ್, ಉತ್ತರ ಪ್ರದೇಶದ ಕಡೆ ಬೆಳೆಯುತ್ತಾರೆ. ನಮ್ಮ ಮನೆಯ ಫಿಲ್ಟರ್ ಕಾಫಿಯಲ್ಲೂ ಅದು ಇದ್ದೇ ಇದೆ. ಗಾಂಧಿ ಬಜಾರಿನ ಕಡೆ ಕಾಫಿ ಪುಡಿ ಅಂಗಡಿಗೆ ಹೋದರೆ 80-20 ಬೇಕಾ, 70-30 ಬೇಕಾ ಅಂತ ಕೇಳುತ್ತಾರಲ್ಲ, ಆ ಎರಡನೆಯ ಅಂಕಿ ಇದೇ. ನೀನು ಒಮ್ಮೆಗೇ ಬಿಡಲು ಹೋಗಬೇಡ. ಈ ಸಲ 70-30 ತಗೋ, ಮುಂದಿನ ಸಲ 60-40 ಹಾಕಿಸಿಕೋ. ಕಾಫಿಯ ಪಾಲನ್ನು ನೂರಕ್ಕೆ 51ಕ್ಕಿಂತ ಕಡಿಮೆ ಮಾಡಿ ಮಾರುವ ಹಾಗಿಲ್ಲ. ಅಲ್ಲಿಂದ ಮುಂದೆ ಬರೀ ಚಿಕೋರಿ ತಂದು ಮನೆಯಲ್ಲೇ ಬೆರೆಸಿಕೊಳ್ಳಬಹುದು. ಬಣ್ಣ ಬೇಗ ಬಿಡುತ್ತದೆ, ಅಳತೆ ಕಡಿಮೆ ಇರಲಿ. ಜಾಸ್ತಿಯಾದರೆ ಹೊಟ್ಟೆಯಲ್ಲಿ ಗ್ಯಾಸ್.

ಬಿಸಿ ಲೋಟ ಬೇಕೆನ್ನಿಸಿದಾಗ ಕಷಾಯ ಮಾಡಿಕೋ. ನನ್ನ ಕೇಳಿದರೆ ರಾತ್ರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಒಂದು ಪಾವು ಕೊತ್ತಂಬರಿ ಬೀಜ, ಅದರ ಕಾಲು ಭಾಗ ಜೀರಿಗೆ, ಎರಡು ಚಮಚ ಮೆಣಸು, ಒಂದು ಚಮಚ ಮೆಂತ್ಯ. ಎಲ್ಲವನ್ನೂ ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಬೇಕು. ಕೊತ್ತಂಬರಿ ನಿಧಾನ, ಘಮ ಬರುವ ತನಕ ಕೈಯಾಡಿಸುತ್ತಲೇ ಇರಬೇಕು. ಮೆಂತ್ಯ ಕೆಂಪಗಾದ ಕೂಡಲೇ ಇಳಿಸು, ಕಪ್ಪಾದರೆ ಇಡೀ ಪುಡಿ ಕಹಿ. ಒಣಶುಂಠಿ ಜಜ್ಜಿ, ನಾಲ್ಕು ಏಲಕ್ಕಿ ಸೇರಿಸಿ ತರಿತರಿಯಾಗಿ ಪುಡಿ ಮಾಡು. ಲೋಟ ನೀರಿಗೆ ಒಂದು ಚಮಚ ಹಾಕಿ ಕುದಿಸು. ಹಾಲು ಹಾಕುವುದಾದರೆ ಬೆಲ್ಲವನ್ನು ಒಲೆಯಿಂದ ಇಳಿಸಿದ ಮೇಲೆ ಹಾಕು, ಜೊತೆಗೇ ಕುದಿಸಿದರೆ ಹಾಲು ಒಡೆಯುತ್ತದೆ. ಹಾಲಿಲ್ಲದೆಯೂ ರುಚಿಯೇ. ಅತಿಮಧುರ ಮಾತ್ರ ಸೇರಿಸಬೇಡ, ಜಾಸ್ತಿಯಾದರೆ ಬಿಪಿ ಏರುತ್ತದೆ.

ಮಧ್ಯರಾತ್ರಿ ಕಳೆದ ಮೇಲೆ ಕಣ್ಣು ಕತ್ತಲೆ ಬಂದ ಹಾಗಾಗುತ್ತದೆ ಅಂದೆಯಲ್ಲ, ಅದು ಹಸಿವು ಇರಬೇಕು. ಹಸಿದವನಿಗೆ ರಾಗಿ ಕೊಡಬೇಕು, ಕೆಫೀನ್ ಕೊಟ್ಟು ಏನು ಮಾಡುವುದು? ಎರಡು ಚಮಚ ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ, ಕುದಿಯುವ ನೀರಿಗೆ ಬಿಟ್ಟು, ಹಸಿ ವಾಸನೆ ಹೋಗುವ ತನಕ ಬೇಯಿಸು. ಉಪ್ಪು, ಜೀರಿಗೆ, ಹಸಿ ಈರುಳ್ಳಿ ಹಾಕಿ ಫ್ಲಾಸ್ಕಿಗೆ ತುಂಬಿಸಿಕೊಂಡು ಹೋಗು. ಮೊಳಕೆ ಕಟ್ಟಿಸಿ ಒಣಗಿಸಿದ ರಾಗಿಯ ಹಿಟ್ಟಾದರೆ ಅಂಬಲಿ ತೆಳ್ಳಗಾಗುತ್ತದೆ, ಹೊಟ್ಟೆಗೆ ಇನ್ನೂ ಹಗುರ. ಅಂಗಡಿಯ ರಾಗಿ ಮಾಲ್ಟ್ ತರುವುದಾದರೆ ಪಟ್ಟಿಯಲ್ಲಿ ಮೊದಲ ಹೆಸರು ನೋಡು. ಜಾಸ್ತಿ ಇರುವುದನ್ನೇ ಮೊದಲು ಬರೆದಿರುತ್ತಾರೆ. ಅಲ್ಲಿ ಸಕ್ಕರೆ ಅಂತ ಇದ್ದರೆ ವಾಪಸ್ ಇಡು.

ಎಸಿಯಲ್ಲಿ ಕೂತವರಿಗೆ ಬಾಯಾರಿದ್ದು ಗೊತ್ತೇ ಆಗುವುದಿಲ್ಲ. ಮೊದಲು ನೀರು ಕುಡಿ. ಹಗಲು ಎಳನೀರು, ನಿಂಬೆ ಪಾನಕ, ಸೊಗದೆ ಬೇರಿನ ಶರಬತ್ತು ಯಾವುದಾದರೂ ಆಗುತ್ತದೆ. ಬೇರು ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ.

ಇನ್ನು ನಿದ್ದೆಯೇ ಬಂದಿದ್ದರೆ, ಸುಹಾಸ, ಯಾವ ಬೇರು, ಯಾವ ಬೀಜದಿಂದಲೂ ಆಗುವುದಿಲ್ಲ. ಬಿಡುವಿನಲ್ಲಿ ಇಪ್ಪತ್ತು ನಿಮಿಷ ತಲೆ ಒರಗಿಸು. ಪಾಳಿ ಬದಲಿಸಿಕೊಡಿ ಅಂತ ಮ್ಯಾನೇಜರ್ ಹತ್ತಿರ ಕೇಳು. ಕೇಳುವುದರಲ್ಲಿ ತಪ್ಪೇನಿದೆ?

ಕೆಫೀನ್ ಇಳಿಸಿದಾಗ ಒಂದು ದಿನದೊಳಗೆ ತಲೆನೋವು ಶುರುವಾಗಬಹುದು. ಕೆಲವರಿಗೆ ವಾರದ ತನಕವೂ ಇರುತ್ತದೆ. ಹೆದರಬೇಡ, ಅದು ಬಿಡುವ ಕಾಲದ ನೋವು. ಆದರೆ ಎದೆ ಡವಡವ ಅನ್ನುತ್ತಿದ್ದರೆ ನನ್ನ ಪತ್ರ ಓದುತ್ತಾ ಕೂರಬೇಡ, ಆಸ್ಪತ್ರೆಗೆ ಹೋಗು.

ಕಷಾಯದ ಪುಡಿ ನಿನ್ನ ಅಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಒದ್ದೆ ಚಮಚ ಹಾಕಬೇಡ. ಮುಗಿಯುವ ಎರಡು ದಿನ ಮುಂಚೆಯೇ ಫೋನ್ ಮಾಡು, ಹುರಿಯಲು ಹೊತ್ತು ಬೇಕು.

ಇಂತಿ ನಿನ್ನ
ದೊಡ್ಡಮ್ಮ