ನಾವಿಲ್ಲದ ಮೇಲೆ ಮಕ್ಕಳ ಮನೆ ಯಾವುದು?

ಅಂಗವೈಕಲ್ಯ ಇರುವ ಮಕ್ಕಳ ಅಪ್ಪ ಅಮ್ಮಂದಿರ ಈ ಗುಂಪಿನ ಎಲ್ಲರಿಗೂ ನಮಸ್ಕಾರ. ಮೊನ್ನೆ ಪೊನ್ನಂಪೇಟೆಯ ಅಕ್ಕ ಕೇಳಿದ್ದರು, "ನಾವು ಹೋದ ಮೇಲೆ ಮಗನನ್ನು ಯಾರು ನೋಡ್ತಾರೆ?" ಅವತ್ತಿಂದ ನನಗೂ ಸರಿಯಾಗಿ ನಿದ್ದೆಯಿಲ್ಲ. ನನ್ನ ಮಗಳಿಗೆ ಈಗ 26.

ಇಂಥವರಿಗಾಗಿ ಇರುವ ಕೇಂದ್ರ ಸರ್ಕಾರದ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ನ ಘರೌಂದಾ ಯೋಜನೆ ಇದಕ್ಕೆಂದೇ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವ, 18 ದಾಟಿದವರಿಗೆ ವಾಸ ಮತ್ತು ಆರೈಕೆ. ಆದರೆ ಸಹಾಯಧನ ನಮ್ಮ ಕೈಗೆ ಬರುವುದಿಲ್ಲ, ಟ್ರಸ್ಟ್‌ನಲ್ಲಿ ನೋಂದಣಿಯಾದ ಸಂಸ್ಥೆಗೆ ಹೋಗುತ್ತದೆ. ಹಾಗಾಗಿ ಇಂಥ ಮನೆ ನಡೆಸಲು ಯಾರಾದರೂ ಮುಂದೆ ಬರಲೇಬೇಕು. ಅದು ಕೊಡಗಿನಲ್ಲೇ ಇರಲಿ ಅನ್ನುವುದು ನನ್ನ ಆಸೆ. ಕಾಫಿ ಹೂವಿನ ವಾಸನೆಗೆ ಬಾಗಿಲಿಗೆ ಓಡಿಬರುವ ಹುಡುಗಿಯನ್ನು ಗುರುತಿಲ್ಲದ ಊರಿಗೆ ಹೇಗೆ ಕಳಿಸಲಿ? ಸಮುದಾಯದ ನಡುವೆ ಬದುಕುವುದು ಅವರ ಹಕ್ಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ.

ಮಕ್ಕಳಿಗೆ 18 ಆದ ಮೇಲೆ ಕಾನೂನಿನ ಪ್ರಕಾರ ಅಪ್ಪ ಅಮ್ಮ ತಾನಾಗಿಯೇ ಕಾನೂನುಬದ್ಧ ಪೋಷಕರಾಗಿ (ಗಾರ್ಡಿಯನ್) ಉಳಿಯುವುದಿಲ್ಲ. ಇದು ತುಂಬಾ ಜನರಿಗೆ ಗೊತ್ತಿಲ್ಲ. ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಗಾರ್ಡಿಯನ್ ನೇಮಕಕ್ಕೆ ಅರ್ಜಿ ಹಾಕಬೇಕು. ಟ್ರಸ್ಟ್‌ನದೇ ಆರೋಗ್ಯ ವಿಮೆ ನಿರಾಮಯವನ್ನೂ ಮಾಡಿಸಿ, ವರ್ಷಕ್ಕೆ 1 ಲಕ್ಷದವರೆಗೆ ಚಿಕಿತ್ಸೆಗೆ ಸಿಗುತ್ತದೆ. ಯುಡಿಐಡಿ ಕಾರ್ಡ್ (ಅಂಗವೈಕಲ್ಯದ ಗುರುತಿನ ಚೀಟಿ) ಇಲ್ಲದವರು ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.

ನಮ್ಮ ಜಿಲ್ಲೆಗೆ ಇಂಥದ್ದೊಂದು ಮನೆ ಬೇಕೆಂದು ಜಿಲ್ಲಾಧಿಕಾರಿಗೆ ಮನವಿ ಬರೆಯುತ್ತಿದ್ದೇನೆ. ಭಾನುವಾರದೊಳಗೆ ನಿಮ್ಮ ತಾಲ್ಲೂಕು, ಮಗುವಿನ ವಯಸ್ಸು ಇಷ್ಟನ್ನೇ ನನಗೆ ಪ್ರತ್ಯೇಕವಾಗಿ ಕಳಿಸಿ. ಹೆಸರು, ಸರ್ಟಿಫಿಕೇಟ್ ಫೋಟೋ ಗುಂಪಿಗೆ ಹಾಕಬೇಡಿ.