ಎಷ್ಟು ಕ್ಯೂಸೆಕ್ ಅಂತ ಹೇಳ್ತೀರಿ, ನೀರು ಎಲ್ಲಿ ತನಕ ಬರುತ್ತೆ ಅಂತಲೂ ಹೇಳಿ

ಮಾನ್ಯ ಸಂಪಾದಕರೇ,

ತುಂಗಭದ್ರಾ ಡ್ಯಾಂ ತುಂಬಿತು ಅಂದರೆ ನಮ್ಮ ಕಂಪ್ಲಿ ಕಡೆಯ ಹೊಳೆದಂಡೆ ಊರುಗಳಿಗೆ ಒಂದೇ ಸೂಚನೆ ಬರುತ್ತದೆ. ಇಷ್ಟು ಸಾವಿರ ಕ್ಯೂಸೆಕ್ (ಸೆಕೆಂಡಿಗೆ ಇಷ್ಟು ಸಾವಿರ ಘನ ಅಡಿ ನೀರು) ಬಿಡುತ್ತಿದ್ದೇವೆ, ನದಿಪಾತ್ರದ ಜನ ಎಚ್ಚರದಿಂದಿರಿ. ಅಷ್ಟೇ. ರೈತರು ರಾತ್ರೋರಾತ್ರಿ ದಂಡೆ ಮೇಲಿನ ಮೋಟಾರು, ಸ್ಟಾರ್ಟರು, ಪೈಪು ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿಕೊಂಡು ಮೇಲಕ್ಕೆ ಸಾಗಿಸುತ್ತಾರೆ. ಆದರೆ ಎಷ್ಟು ಮೇಲಕ್ಕೆ? ಒಂದು ಲಕ್ಷ ಕ್ಯೂಸೆಕ್ ಬಂದರೆ ಯಾವ ಗದ್ದೆ ತನಕ, ಎರಡು ಲಕ್ಷ ಬಂದರೆ ಯಾವ ಓಣಿ ತನಕ ನೀರು ಬರುತ್ತದೆ ಅಂತ ಯಾರೂ ಹೇಳುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 19ನೇ ಗೇಟ್ ಕೊಚ್ಚಿಹೋದಾಗಲೂ ನಮಗೆ ಬೇಕಿದ್ದದ್ದು ಇದೊಂದೇ ಉತ್ತರ.

ಈ ಉತ್ತರ ಸಿಗಬೇಕಾದರೆ ಹೊಳೆಯ ನೆರೆಬಯಲಿನ, ಅಂದರೆ ಹೊಳೆ ಉಕ್ಕಿದಾಗ ನೀರು ಹರಡುವ ಜಾಗದ ನಕ್ಷೆ ಬೇಕು. ಊರು ಊರಿಗೆ, ಸರ್ವೆ ನಂಬರ್ ಸಮೇತ. ಇದು ಆಗದ ಕೆಲಸವೇನಲ್ಲ. ಮಳೆಗಾಲದ ಮೋಡದಲ್ಲಿ ಮಾಮೂಲಿ ಉಪಗ್ರಹ ಚಿತ್ರಕ್ಕೆ ನೆಲ ಕಾಣುವುದಿಲ್ಲ ನಿಜ, ಆದರೆ ರೇಡಾರ್ ಇರುವ ಉಪಗ್ರಹಗಳು ಮೋಡದಾಚೆಯಿಂದಲೂ ನೀರು ನಿಂತ ಜಾಗ ಹಿಡಿದು ತೋರಿಸುತ್ತವೆ. ಯುರೋಪಿನ ಸೆಂಟಿನೆಲ್-1 ಚಿತ್ರಗಳು 2014ರಿಂದ ಎಲ್ಲರಿಗೂ ಉಚಿತ. ಇಸ್ರೋದ ಹೈದರಾಬಾದ್ ಕೇಂದ್ರ ಅಸ್ಸಾಂ, ಬಿಹಾರಕ್ಕೆ ಪ್ರವಾಹ ನಕ್ಷೆಗಳನ್ನು ಮಾಡಿಕೊಟ್ಟಿದೆ. 2019ರ ಆಗಸ್ಟ್‌ನ ಪ್ರವಾಹದಲ್ಲಿ ನೀರು ಎಲ್ಲೆಲ್ಲಿ ಹರಡಿತ್ತು ಅನ್ನೋದನ್ನ ಆ ದಿನಗಳ ಡ್ಯಾಂ ಹೊರಹರಿವಿನ ಲೆಕ್ಕದ ಜೊತೆ, ನೆಲದ ಎತ್ತರದ ಜೊತೆ ಇಟ್ಟು ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ. ಇನ್ನರ್ಧಕ್ಕೆ ಊರಿಗೆ ಬರಲೇಬೇಕು. ಉಪಗ್ರಹ ಹಾದುಹೋಗುವುದು ಕೆಲವು ದಿನಕ್ಕೊಮ್ಮೆ, ನೀರು ಪೂರ್ತಿ ಏರಿದ ಗಳಿಗೆ ಅದರ ಕಣ್ಣು ತಪ್ಪಿರುತ್ತದೆ. ಮಂತ್ರಾಲಯದ ಮಠದೊಳಗೂ ನೀರು ನುಗ್ಗಿದ 2009ರ ಪ್ರವಾಹದಲ್ಲಂತೂ ಸೆಂಟಿನೆಲ್-1 ಉಪಗ್ರಹವೇ ಇರಲಿಲ್ಲ. ಆಗ ನೀರು ಎಲ್ಲಿ ತನಕ ಬಂದಿತ್ತು ಅಂತ ಗೋಡೆ ಮುಟ್ಟಿ ತೋರಿಸುವ ಹಿರಿಯರು ಇನ್ನೂ ಇದ್ದಾರೆ. ಅವರನ್ನು ಈಗಲೇ ಕೇಳಿ ಬರೆದುಕೊಳ್ಳಬೇಕು ಅಲ್ವಾ?

ಇನ್ನೊಂದು ಮಾತು. ದಂಡೆಯಿಂದ ಇಷ್ಟು ಮೀಟರ್ ಬಿಟ್ಟರೆ ಸಾಕು ಅಂತ ಸುಮ್ನೆ ಗೆರೆ ಎಳೆದರೆ ಪ್ರಯೋಜನವಿಲ್ಲ. ಹೊಳೆ ಏರಿದಾಗ ಹಳ್ಳದ ನೀರು ಹೊಳೆಗೆ ಇಳಿಯದೆ ಹಿಂದಕ್ಕೇ ಒತ್ತುತ್ತದೆ. ಹೊಳೆ ಕಣ್ಣಿಗೂ ಕಾಣದಷ್ಟು ದೂರದ ಭತ್ತದ ಗದ್ದೆ ಮುಳುಗುತ್ತದೆ, ದಂಡೆ ಪಕ್ಕದ ಎತ್ತರದ ದಿಬ್ಬ ಒಣಗಿಯೇ ಇರುತ್ತದೆ. ಸಿರುಗುಪ್ಪ ತಾಲ್ಲೂಕಿನಲ್ಲಿ ಹಗರಿ ನದಿ ಬಂದು ತುಂಗಭದ್ರೆಗೆ ಸೇರುವ ಕಡೆ ಎರಡೂ ಒಟ್ಟಿಗೆ ತುಂಬಿ ಬಂದರೆ ಕಥೆಯೇ ಬೇರೆ. ಹಾಗಾಗಿ ದೂರಕ್ಕಿಂತ ಎತ್ತರ ಮುಖ್ಯ.

ಹೊಳೆ ಉಕ್ಕಿ ಹರಡುವ ಜಾಗ ಹೊಳೆಯದ್ದೇ. ನೆರೆಬಯಲಿನಲ್ಲಿ ಎಲ್ಲಿ ಏನು ಕಟ್ಟಬಹುದು ಅನ್ನೋದರ ಬಗ್ಗೆ ಕೇಂದ್ರ ಸರ್ಕಾರ 1975ರಲ್ಲೇ ರಾಜ್ಯಗಳಿಗೆ ಮಾದರಿ ಮಸೂದೆ ಕಳಿಸಿತ್ತು. ಆಸ್ಪತ್ರೆ, ವಿದ್ಯುತ್ ಸ್ಥಾವರಗಳು ನೂರು ವರ್ಷಕ್ಕೊಮ್ಮೆ ಬರುವಂಥ ಪ್ರವಾಹದ ಮಟ್ಟಕ್ಕಿಂತ ಮೇಲಿರಲಿ, ತಗ್ಗಿನ ಜಾಗ ಉದ್ಯಾನ, ಆಟದ ಬಯಲಿಗೆ ಇರಲಿ ಅನ್ನೋ ಲೆಕ್ಕ ಅದು. ಕಾನೂನು ಮಾಡಿದ್ದು ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಕೆಲವೇ ರಾಜ್ಯಗಳು. ನಮ್ಮಲ್ಲಿ 2019ರಲ್ಲಿ ಹಂಪಿ ಎದುರಿನ ನಡುಗಡ್ಡೆ ವಿರುಪಾಪುರ ಗಡ್ಡಿಯಲ್ಲಿ ಸಿಕ್ಕಿಬಿದ್ದ ಪ್ರವಾಸಿಗರನ್ನು ಹೆಲಿಕಾಪ್ಟರ್ ತಂದು ಬಿಡಿಸಬೇಕಾಯಿತು. ನೀರು ಸುತ್ತುವರಿಯುವ ಗಡ್ಡಿ ಅಂತ ಗೊತ್ತಿದ್ದೂ ಅಲ್ಲಿ ರೆಸಾರ್ಟುಗಳು ಎದ್ದಿದ್ದವು.

ಈ ನಕ್ಷೆಯಲ್ಲಿ ಬರೀ ಮನೆ, ಹೊಲ ಇದ್ದರೆ ಸಾಲದು. ಮುದ್ಲಾಪುರದಿಂದ ಕಂಪ್ಲಿ ತನಕದ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಬಂಡೆ ಸಂದಿಯಲ್ಲಿ, ಜೊಂಡಿನ ಮರೆಯಲ್ಲಿ ಅವು ಮರಿ ಮಾಡುತ್ತವೆ. ಹೊಸನೀರು ಬಂದಾಗ ಮೀನುಗಳು ತಗ್ಗಿನ ನೀರಿಗೆ ಹತ್ತಿ ಮೊಟ್ಟೆ ಇಡುತ್ತವೆ. ಆ ಜೊಂಡು ಸವರಿ, ತಗ್ಗಿಗೆ ಮಣ್ಣು ಹಾಕಿ ಗದ್ದೆ ಮಾಡಿದರೆ ನೀರುನಾಯಿಗೂ ನೆಲೆ ಹೋಯಿತು, ಪ್ರವಾಹಕ್ಕೂ ಜಾಗ ಹೋಯಿತು. ಅಲ್ಲಿ ನಿಲ್ಲಬೇಕಾದ ನೀರು ಕೆಳಗಿನ ಊರಿನವರ ಮನೆಗೆ ಹೋಗುತ್ತದೆ. ಅದಕ್ಕೇ ಎರಡನ್ನೂ ಒಂದೇ ನಕ್ಷೆಯಲ್ಲಿ ಗುರುತು ಮಾಡಿ ಅನ್ನೋದು ನನ್ನ ಮನವಿ.

ಡ್ಯಾಂನಲ್ಲಿ ಹೂಳು ತುಂಬಿ 133 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು) ಸಾಮರ್ಥ್ಯ 105ರ ಆಸುಪಾಸಿಗೆ ಇಳಿದಿದೆ. ಹಿಡಿದಿಡುವ ಜಾಗ ಕಡಿಮೆಯಾದಷ್ಟೂ ಹೊಳೆಗೆ ಬಿಡುವ ಪ್ರಸಂಗ ಜಾಸ್ತಿ. ಜಿಲ್ಲಾಡಳಿತಗಳು ಕಂಪ್ಲಿ, ಗಂಗಾವತಿ, ಸಿರುಗುಪ್ಪ ತಾಲ್ಲೂಕುಗಳಿಂದಲೇ ನಕ್ಷೆ ಶುರು ಮಾಡಲಿ. ಅದನ್ನು ಪ್ರತಿ ಪಂಚಾಯಿತಿ ಗೋಡೆಗೆ ಕನ್ನಡದಲ್ಲಿ ಹಚ್ಚಲಿ, ಹೊಲವನ್ನು ನಿವೇಶನವಾಗಿ ಪರಿವರ್ತಿಸಲು ಅರ್ಜಿ ಬಂದಾಗ ಮೊದಲು ಆ ನಕ್ಷೆ ನೋಡಿಯೇ ಸಹಿ ಹಾಕಲಿ.

– ಹೊಳೆದಂಡೆಯ ಓದುಗ, ಕಂಪ್ಲಿ, ಬಳ್ಳಾರಿ ಜಿಲ್ಲೆ